ಕಣ್ಣ ಮುಂದಿನ ದೀಪಕ್ಕೆ ಎಣ್ಣೆ ಎಷ್ಟು?

ದೀಪ ಹಚ್ಚುವ ಮುನ್ನ ಹಣತೆಯಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡಿಕೊಳ್ಳುವುದು ನಮ್ಮ ಮನೆಗಳ ತಾಯಂದಿರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಬತ್ತಿ ಎಷ್ಟೇ ಹೊಸದಾಗಿರಲಿ, ಹಣತೆ ಬೆಳ್ಳಿಯದೇ ಆಗಿರಲಿ, ಎಣ್ಣೆ ತೀರಿದೊಡನೆ ಬೆಳಕು ಆರುತ್ತದೆ. ಜಗತ್ತಿನ ಅತಿ ದೊಡ್ಡ ಕಂಪನಿಗಳು ಅಪಾರ ಹಣ ಸುರಿದು ತಯಾರಿಸುತ್ತಿರುವ ಒಂದು ಹೊಸ ಸಾಧನದ ಹಣೆಬರಹವನ್ನೂ ಇಂದು ಈ ಹಳೆಯ ಸತ್ಯವೇ ನಿರ್ಧರಿಸುತ್ತಿದೆ. ಕಣ್ಣಿಗೆ ಧರಿಸುವ, ಕಣ್ಣೆದುರಿನ ಲೋಕದ ಮೇಲೆ ಅಕ್ಷರ ಚಿತ್ರಗಳನ್ನು ಮೂಡಿಸಿ ತೋರಿಸುವ ಯಂತ್ರಕನ್ನಡಕವೇ ಆ ಸಾಧನ.

ಕಳೆದ ಬೇಸಿಗೆಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಮನೆಯ ಹಿರಿಯರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವರು. ಗ್ಲಾಕೋಮಾ ರೋಗದಿಂದ ಅವರ ದೃಷ್ಟಿ ವರ್ಷದಿಂದ ವರ್ಷಕ್ಕೆ ಕುಂದುತ್ತಾ ಬಂದಿದೆ. ಬೆಳಗಿನ ಪತ್ರಿಕೆಯನ್ನು ಈಗ ಸೊಸೆ ಓದಿ ಹೇಳಬೇಕು. ಪರದೇಶದಿಂದ ರಜೆಗೆ ಬಂದಿದ್ದ ಮೊಮ್ಮಗ ತಾನು ತಂದಿದ್ದ ಸಾಧನವನ್ನು ಅಜ್ಜನ ತಲೆಗೆ ತೊಡಿಸಿ, ಪುಸ್ತಕದ ಪುಟವೊಂದನ್ನು ಗೋಡೆಯಷ್ಟು ದೊಡ್ಡದಾಗಿ ಮೂಡಿಸಿದ. ಹಿರಿಯರು ಒಂದು ಸಾಲನ್ನು ತಾವೇ ಓದಿದರು. ಅವರ ಕಣ್ಣಲ್ಲಿ ನೀರಾಡಿದ್ದನ್ನು ಮನೆಯವರೆಲ್ಲ ಕಂಡರು. ಸಾಧನವನ್ನು ತೆಗೆದು ಕೈಯಲ್ಲಿ ಹಿಡಿದು ತೂಕ ನೋಡುತ್ತಾ ಅವರು ಕೇಳಿದರು:

"ಇದು ಎಷ್ಟು ಹೊತ್ತು ನಡೀತದಪಾ?"

"ಎರಡು ತಾಸು ನಡೀತದ, ಅಜ್ಜಾ."

"ಹಂಗಾದ್ರ ಉಳಿದ ಹೊತ್ತು ನಾ ಏನು ಮಾಡ್ಲಿ?"

ಮೊಮ್ಮಗನಲ್ಲಿ ಉತ್ತರವಿರಲಿಲ್ಲ. ಅಂಥದೊಂದು ಕನ್ನಡಕವನ್ನು ಅಜ್ಜನಿಗಾಗಿ ಕೊಳ್ಳಬೇಕೇ, ಕೊಂಡರೆ ಅದು ನಿಜಕ್ಕೂ ದಿನದ ಉಪಯೋಗಕ್ಕೆ ಬರುತ್ತದೆಯೇ ಎಂಬ ವಿಚಾರ ಆ ಮನೆಯಲ್ಲಿ ಆಗಿನಿಂದ ನಡೆದೇ ಇದೆ. ಈ ಪ್ರಶ್ನೆ ಇಂದು ಅನೇಕ ಮನೆಗಳಿಗೆ ಬರುತ್ತಿರುವುದರಿಂದ ಅದನ್ನು ಬುಡದಿಂದ ನೋಡುವುದು ಒಳ್ಳೆಯದು.

ಏನಿದು ಸಾಧನ?

ಇಂಗ್ಲಿಷಿನಲ್ಲಿ ಆಗ್ಮೆಂಟೆಡ್ ರಿಯಾಲಿಟಿ ಎನ್ನುವುದನ್ನು ಕನ್ನಡದಲ್ಲಿ ವರ್ಧಿತ ವಾಸ್ತವ ಎಂದು ಕರೆಯುವ ರೂಢಿ ಬಂದಿದೆ. ಇರುವ ಲೋಕವನ್ನು ಮುಚ್ಚಿ ಬೇರೊಂದು ಲೋಕವನ್ನು ತೋರಿಸುವುದು ಇದರ ಕೆಲಸವಲ್ಲ. ಇರುವ ಲೋಕದ ಮೇಲೆಯೇ ಇನ್ನೊಂದಿಷ್ಟು ಮಾಹಿತಿಯನ್ನು ಸೇರಿಸುವುದು ಇದರ ಕೆಲಸ. ಎದುರಿನ ಬೀದಿಯ ಮೇಲೆ ದಾರಿ ತೋರುವ ಬಾಣ, ಯಂತ್ರದ ಮೇಲೆ ಯಾವ ತಿರುಪನ್ನು ಬಿಚ್ಚಬೇಕೆಂಬ ಸೂಚನೆ, ಶಸ್ತ್ರಚಿಕಿತ್ಸಕನ ಕಣ್ಣೆದುರು ರೋಗಿಯ ಎಲುಬಿನ ಚಿತ್ರ, ಇವೆಲ್ಲ ಅದರ ರೂಪಗಳು.

ಇದರ ಮೂಲಪುರುಷ ಅಮೆರಿಕದ ವಿಜ್ಞಾನಿ ಐವನ್ ಸದರ್‌ಲ್ಯಾಂಡ್. 1968ರಲ್ಲಿ ಅವರು ಹಾರ್ವರ್ಡ್‌ನಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ತಲೆಗೆ ಧರಿಸುವ ಪ್ರಥಮ ದರ್ಶಕವನ್ನು ಸಿದ್ಧಪಡಿಸಿದರು. ತಲೆಯ ಚಲನೆಯನ್ನು ಅಳೆಯುವ ಯಾಂತ್ರಿಕ ತೋಳು ಚಾವಣಿಯಿಂದ ಇಳಿಬಿದ್ದಿತ್ತು. ನೆತ್ತಿಯ ಮೇಲೆ ಒಂದೇ ಕೂದಲೆಳೆಗೆ ತೂಗುಹಾಕಿದ ಖಡ್ಗದ ಗ್ರೀಕ್ ಕಥೆಯನ್ನು ನೆನೆದು ಅದಕ್ಕೆ 'ಡೆಮೊಕ್ಲಿಸನ ಖಡ್ಗ' ಎಂಬ ಹೆಸರು ಬಂದಿತು. ಆ ಯಂತ್ರಕ್ಕೆ ಬ್ಯಾಟರಿಯ ಚಿಂತೆ ಇರಲಿಲ್ಲ, ಏಕೆಂದರೆ ಅದನ್ನು ಧರಿಸಿದವನು ಕೋಣೆಯನ್ನು ಬಿಟ್ಟು ಹೋಗುವಂತಿರಲಿಲ್ಲ. ವರ್ಧಿತ ವಾಸ್ತವ ಎಂಬ ಹೆಸರು ರೂಢಿಗೆ ಬಂದದ್ದು 1990ರ ದಶಕದ ಆರಂಭದಲ್ಲಿ, ಬೋಯಿಂಗ್ ವಿಮಾನ ಕಂಪನಿಯ ಥಾಮಸ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಅವರಿಂದ. ವಿಮಾನ ಜೋಡಿಸುವ ಕೆಲಸಗಾರರಿಗೆ ತಂತಿ ಎಲ್ಲಿ ಹಾಯಬೇಕೆಂಬುದನ್ನು ಕಣ್ಣೆದುರೇ ತೋರಿಸುವ ಆಲೋಚನೆ ಅವರದು.

ಚಾವಣಿಯ ಹಂಗನ್ನು ಕಡಿದು ಬೀದಿಗಿಳಿದ ದಿನವೇ ಈ ಸಾಧನಕ್ಕೆ ಎಣ್ಣೆಯ ಚಿಂತೆ ಆರಂಭವಾಯಿತು.

ಕೊಡದ ಲೆಕ್ಕ

ಬ್ಯಾಟರಿಯ ಸಾಮರ್ಥ್ಯವನ್ನು ತಿಳಿಯಲು ಮನೆಯ ಮೇಲಿನ ನೀರಿನ ಟಾಕಿಯನ್ನು ನೆನೆದರೆ ಸಾಕು. ಟಾಕಿಯಲ್ಲಿ ಎಷ್ಟು ನೀರಿದೆ ಎಂಬುದು ಒಂದು ಲೆಕ್ಕ, ಅದು ಎಷ್ಟು ಎತ್ತರದಲ್ಲಿದೆ ಎಂಬುದು ಇನ್ನೊಂದು. ಎರಡೂ ಕೂಡಿದಾಗಲೇ ಆ ನೀರಿನಿಂದ ಎಷ್ಟು ಕೆಲಸವಾದೀತು ಎಂಬುದು ತಿಳಿಯುತ್ತದೆ. ಬ್ಯಾಟರಿಯ ಮೇಲೆ ಮುದ್ರಿಸಿರುವ ಮಿಲಿಆಂಪ್-ಅವರ್ ಎಂಬುದು ನೀರಿನ ಪ್ರಮಾಣವಿದ್ದಂತೆ, ವೋಲ್ಟ್ ಎಂಬುದು ಎತ್ತರವಿದ್ದಂತೆ. ಇವೆರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್-ಅವರ್ ಎಂಬ ನಿಜವಾದ ಅಳತೆ ದೊರೆಯುತ್ತದೆ. ಒಂದು ವ್ಯಾಟಿನ ದೀಪವನ್ನು ಒಂದು ತಾಸು ಉರಿಸುವ ಶಕ್ತಿಯೇ ಒಂದು ವ್ಯಾಟ್-ಅವರ್.

ಮನೆಯಲ್ಲಿ ಕರೆಂಟು ಹೋದಾಗ ನೆರವಾಗುವ ಇನ್ವರ್ಟರಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 150 ಆಂಪ್-ಅವರ್ ಇರುತ್ತದೆ. ಅಂದರೆ 1,800 ವ್ಯಾಟ್-ಅವರ್. ಕೈಯಲ್ಲಿರುವ 5,000 ಮಿಲಿಆಂಪ್-ಅವರ್‌ನ ಮೊಬೈಲಿನಲ್ಲಿ ಸುಮಾರು 19 ವ್ಯಾಟ್-ಅವರ್ ಇರುತ್ತದೆ. ಇನ್ನು ಮೂಗಿನ ಮೇಲೆ ಕುಳಿತುಕೊಳ್ಳಬೇಕಾದ ಕನ್ನಡಕದ ಕಡ್ಡಿಯಲ್ಲಿ ಎಷ್ಟು ಹಿಡಿಸೀತು? 2013ರಲ್ಲಿ ಹೊರಬಂದ ಗೂಗಲ್ ಗ್ಲಾಸ್‌ನಲ್ಲಿದ್ದದ್ದು 570 ಮಿಲಿಆಂಪ್-ಅವರ್, ಅಂದರೆ ಸುಮಾರು 2 ವ್ಯಾಟ್-ಅವರ್ ಮಾತ್ರ. ಹತ್ತು ವರ್ಷಗಳ ತರುವಾಯ 2023ರಲ್ಲಿ ಬಂದ ರೇ-ಬ್ಯಾನ್ ಮೆಟಾ ಕನ್ನಡಕದಲ್ಲಿ 154 ಮಿಲಿಆಂಪ್-ಅವರ್, ಅಂದರೆ 1 ವ್ಯಾಟ್-ಅವರ್‌ಗೂ ಕಡಿಮೆ.

ಆದರೆ ಕೊಡ ಚಿಕ್ಕದೆಂದ ಮಾತ್ರಕ್ಕೆ ನೀರು ಬೇಗ ತೀರಲೇಬೇಕೆಂದಿಲ್ಲ. ಅದು ಮನೆಯ ಖರ್ಚನ್ನು ಅವಲಂಬಿಸಿದೆ. ಹೃದಯಕ್ಕೆ ಅಳವಡಿಸುವ ಪೇಸ್‌ಮೇಕರಿನ ಪುಟ್ಟ ಲಿಥಿಯಂ ಕೋಶ ವರ್ಷಗಟ್ಟಲೆ ನಡೆಯುತ್ತದೆ. 1972ರಲ್ಲಿ ಇಟಲಿಯಲ್ಲಿ ಮೊದಲ ಬಾರಿಗೆ ಲಿಥಿಯಂ-ಅಯೋಡಿನ್ ಕೋಶದ ಪೇಸ್‌ಮೇಕರನ್ನು ರೋಗಿಯೊಬ್ಬರ ದೇಹದಲ್ಲಿ ಇರಿಸಲಾಯಿತು. ಅದು ಬಳಸುವ ಶಕ್ತಿ ವ್ಯಾಟಿನ ಲಕ್ಷದ ಕೆಲವು ಅಂಶಗಳಷ್ಟೇ. ಕೈಗಡಿಯಾರದ ಗುಂಡಿಯಾಕಾರದ ಕೋಶವೂ ಎರಡು ಮೂರು ವರ್ಷ ಬರುತ್ತದೆ. ಆದ್ದರಿಂದ ಬಾಳಿಕೆ ಎಂಬುದು ಗಳಿಕೆಯೊಂದರಿಂದ ನಿರ್ಧಾರವಾಗುವುದಲ್ಲ. ಗಳಿಕೆಯನ್ನು ಖರ್ಚಿನಿಂದ ಭಾಗಿಸಿದಾಗ ಬರುವುದೇ ಬಾಳಿಕೆ. ಸಂಸಾರ ನಡೆಸಿದವರಿಗೆ ಇದು ಹೊಸ ಗಣಿತವೇನಲ್ಲ.

ಎರಡು ತಾಸಿನ ಗಡಿ

ಈ ಗಣಿತವನ್ನು ಪ್ರಸಿದ್ಧ ಸಾಧನಗಳಿಗೆ ಅನ್ವಯಿಸಿ ನೋಡೋಣ.

ಗೂಗಲ್ ಗ್ಲಾಸ್ 1,500 ಡಾಲರ್ ಬೆಲೆಗೆ ಬಂದಾಗ, ಸಾಮಾನ್ಯ ಬಳಕೆಯಲ್ಲಿ ಒಂದು ಪೂರ್ಣ ದಿನ ನಡೆಯುತ್ತದೆಂದು ಕಂಪನಿ ಹೇಳಿತ್ತು. ಆಗಾಗ ಒಂದು ಸಂದೇಶವನ್ನು ನೋಡಿ ಬಿಡುವವರಿಗೆ ಅದು ಸರಿಯೇ ಇದ್ದೀತು. ಬಿಡದೆ ವೀಡಿಯೋ ಮುದ್ರಿಸಿದರೆ ಮಾತ್ರ ಒಂದು ತಾಸೂ ನಿಲ್ಲುತ್ತಿರಲಿಲ್ಲ. 2015ರ ಜನವರಿಯಲ್ಲಿ ಸಾರ್ವಜನಿಕ ಮಾರಾಟ ನಿಂತಿತು. ಕಾರ್ಖಾನೆಗಳಿಗಾಗಿ ಮುಂದುವರಿದಿದ್ದ ಅದರ ಆವೃತ್ತಿಯೂ 2023ರ ಮಾರ್ಚಿನಲ್ಲಿ ನಿಂತುಹೋಯಿತು. ಅದು ಸೋತದ್ದು ಬ್ಯಾಟರಿಯೊಂದರಿಂದಲೇ ಎನ್ನಲಾಗದು. ಕಂಡವರನ್ನೆಲ್ಲ ಚಿತ್ರಿಸುವ ಕ್ಯಾಮೆರಾದ ಬಗ್ಗೆ ಜನರಿಗಿದ್ದ ಸಂಕೋಚವೂ ದೊಡ್ಡ ಕಾರಣ.

2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಹೋಲೋಲೆನ್ಸ್ ಎಂಬ ಶಿರಸ್ತ್ರಾಣದಂಥ ಸಾಧನವನ್ನು 3,000 ಡಾಲರಿಗೆ ನೀಡಿತು. ತೂಕ 579 ಗ್ರಾಂ, ಬ್ಯಾಟರಿ 16.5 ವ್ಯಾಟ್-ಅವರ್, ನಡೆಯುವುದು 2ರಿಂದ 3 ತಾಸು. ಅಂದರೆ ಅದರ ಖರ್ಚು ಆರರಿಂದ ಎಂಟು ವ್ಯಾಟ್, ಒಂದು ಚಿಕ್ಕ ಎಲ್‌ಇಡಿ ಬಲ್ಬಿನಷ್ಟು. 2019ರ ಹೋಲೋಲೆನ್ಸ್ 2 ಹಲವು ವಿಧದಲ್ಲಿ ಉತ್ತಮಗೊಂಡರೂ ಬಾಳಿಕೆ ಅದೇ 2ರಿಂದ 3 ತಾಸಿನಲ್ಲೇ ಉಳಿಯಿತು. ಕಾರ್ಖಾನೆಯ ಪಾಳಿಯಾದರೋ ಎಂಟು ತಾಸಿನದು. ಒಂದು ಪಾಳಿಗೆ ಮೂರು ಬಾರಿ ಚಾರ್ಜು ಬೇಡುವ ಕೆಲಸಗಾರನನ್ನು ಯಾವ ಮೇಸ್ತ್ರಿ ಒಪ್ಪಿಯಾನು? 2024ರಲ್ಲಿ ಅದರ ತಯಾರಿಕೆಯೂ ಕೊನೆಗೊಂಡಿತು.

ಆ್ಯಪಲ್ ಕಂಪನಿಯ ವಿಷನ್ ಪ್ರೊ 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಬೆಲೆ 3,499 ಡಾಲರ್. ಇದರಲ್ಲಿ ಎರಡು ಶಕ್ತಿಶಾಲಿ ಚಿಪ್‌ಗಳು, ಹನ್ನೆರಡು ಕ್ಯಾಮೆರಾಗಳು, ಎರಡೂ ಕಣ್ಣಿಗೆ ಕೂಡಿ 2.3 ಕೋಟಿ ಬೆಳಕಿನ ಚುಕ್ಕಿಗಳಿರುವ ಪರದೆಗಳಿವೆ. ಬ್ಯಾಟರಿಯನ್ನು ತಲೆಯ ಮೇಲಿಡಲಾಗದೆ 353 ಗ್ರಾಂ ತೂಕದ ಪ್ರತ್ಯೇಕ ಪೆಟ್ಟಿಗೆಯಾಗಿ ಮಾಡಿ, ವಯರಿನ ಮೂಲಕ ಜೋಡಿಸಿ ಜೇಬಿನಲ್ಲಿ ಇರಿಸಿಕೊಳ್ಳಲು ಹೇಳಿದರು. ಅದರಲ್ಲಿ 35.9 ವ್ಯಾಟ್-ಅವರ್ ಇದ್ದರೂ ನಡೆದದ್ದು ಸುಮಾರು 2 ತಾಸು. ಅಂದರೆ ಖರ್ಚು 18 ವ್ಯಾಟ್, ಮನೆಯ ಎರಡು ಎಲ್‌ಇಡಿ ಬಲ್ಬುಗಳನ್ನು ಹಣೆಗೆ ಕಟ್ಟಿಕೊಂಡಂತೆ. 2025ರ ಅಕ್ಟೋಬರಿನಲ್ಲಿ ಹೊಸ ಚಿಪ್‌ನೊಡನೆ ಬಂದ ಆವೃತ್ತಿಗೆ ಕಂಪನಿ ಹೇಳಿದ ಅವಧಿ 2.5 ತಾಸು.

ಕಂಪನಿ ಬೇರೆ, ವರ್ಷ ಬೇರೆ, ಬೆಲೆ ಬೇರೆ. ಆದರೂ ಎಲ್ಲವೂ ಎರಡು ಮೂರು ತಾಸಿನ ಗಡಿಯಲ್ಲೇ ನಿಂತಿರುವುದನ್ನು ಓದುಗರು ಗಮನಿಸಬೇಕು. ಅದಕ್ಕೆ ಕಾರಣವಿದೆ.

ಶಕ್ತಿ ಹೋಗುವುದೆಲ್ಲಿ?

ಮೊದಲನೆಯ ಖರ್ಚು ಬೆಳಕಿನದು. ಕೋಣೆಯ ಮಬ್ಬಿನಲ್ಲಿ ಕಾಣುವ ಅಕ್ಷರ ಮಧ್ಯಾಹ್ನದ ಬಿಸಿಲಿನಲ್ಲಿಯೂ ಕಾಣಬೇಕಾದರೆ ಸೂರ್ಯನೊಡನೆ ಸ್ಪರ್ಧೆಗಿಳಿಯಬೇಕು. ಪಾರದರ್ಶಕ ಗಾಜಿನ ಕನ್ನಡಕಗಳಲ್ಲಿ ಇನ್ನೊಂದು ತೊಡಕಿದೆ. ಅಂಚಿನಲ್ಲಿ ಹುಟ್ಟಿದ ಬೆಳಕು ಗಾಜಿನೊಳಗೇ ಪ್ರತಿಫಲಿಸುತ್ತಾ ಸಾಗಿ ಕಣ್ಣಿಗೆ ಬರುವಷ್ಟರಲ್ಲಿ ಅದರ ಬಹುಭಾಗ ಸೋರಿಹೋಗಿರುತ್ತದೆ. ದೂರದ ಹೊಲಕ್ಕೆ ಮಣ್ಣಿನ ಕಾಲುವೆಯಲ್ಲಿ ನೀರು ಹಾಯಿಸಿದವರಿಗೆ ಇದು ಸುಲಭವಾಗಿ ಅರ್ಥವಾದೀತು. 2025ರ ಸೆಪ್ಟೆಂಬರಿನಲ್ಲಿ ಬಂದ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇ ಕನ್ನಡಕದವರು ಈ ಖರ್ಚನ್ನು ಕಡಿಮೆ ಮಾಡಲು ಒಂದು ಸಂಯಮದ ದಾರಿ ಹಿಡಿದರು. ಬಲಗಣ್ಣಿಗೆ ಮಾತ್ರ, ಅದೂ ಒಂದು ಮೂಲೆಯಲ್ಲಿ ಚಿಕ್ಕ ಚೌಕದಲ್ಲಿ, ಬೇಕಾದಾಗಷ್ಟೇ ಚಿತ್ರ ಮೂಡುತ್ತದೆ. ಅದರ ತೂಕ 69 ಗ್ರಾಂ, ಮಿಶ್ರ ಬಳಕೆಗೆ ಹೇಳಿರುವ ಅವಧಿ 6 ತಾಸು.

ಎರಡನೆಯದು ನೋಟದ ಖರ್ಚು. ಧರಿಸಿದವರು ತಲೆ ತಿರುಗಿಸಿದರೆ ಗೋಡೆಯ ಮೇಲೆ ಮೂಡಿದ ಅಕ್ಷರ ಗೋಡೆಯಲ್ಲೇ ನಿಲ್ಲಬೇಕು, ತಲೆಯ ಜೊತೆಗೆ ಓಡಬಾರದು. ಅದಕ್ಕಾಗಿ ಕ್ಯಾಮೆರಾಗಳು ಎವೆಯಿಕ್ಕದೆ ಸುತ್ತಲನ್ನು ನೋಡುತ್ತಿರಬೇಕು, ಚಿಪ್ ಕ್ಷಣಕ್ಷಣವೂ ಲೆಕ್ಕ ಹಾಕುತ್ತಿರಬೇಕು. ಈ ಲೆಕ್ಕ ತಡವಾದರೆ ಚಿತ್ರ ತೂಗಾಡಿ ತಲೆ ಸುತ್ತು ಬರುತ್ತದೆ. ವಿಷನ್ ಪ್ರೊ ಕ್ಯಾಮೆರಾದ ದೃಶ್ಯವನ್ನು ಪರದೆಗೆ ಮುಟ್ಟಿಸಲು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹನ್ನೆರಡು ಭಾಗದಷ್ಟು ಎಂದು ಕಂಪನಿ ಹೇಳಿದೆ. ಇಂಥ ಚುರುಕುತನ ಪುಕ್ಕಟೆ ಬರುವುದಿಲ್ಲ. ಮೂರನೆಯ ಖರ್ಚು ಫೋನು, ಇಂಟರ್‌ನೆಟ್ಟುಗಳೊಡನೆ ನಿರಂತರವಾಗಿ ನಡೆಯುವ ನಿಸ್ತಂತು ಸಂಭಾಷಣೆಯದು.

ಖರ್ಚಾದ ವಿದ್ಯುತ್ತು ಕೊನೆಗೆ ಶಾಖವಾಗುತ್ತದೆ ಎಂಬುದು ಇನ್ನೊಂದು ಸಂಕಟ. ಮೊಬೈಲು ಬಿಸಿಯಾದರೆ ಮೇಜಿನ ಮೇಲಿಡಬಹುದು. ಕಿವಿಯ ಪಕ್ಕದಲ್ಲಿ, ಕಪೋಲಕ್ಕೆ ಒತ್ತಿಕೊಂಡ ಕಡ್ಡಿ ಬಿಸಿಯಾದರೆ ಏನು ಗತಿ? ಆದ್ದರಿಂದ ಅಲ್ಲಿ ಹೆಚ್ಚು ಸಾಮರ್ಥ್ಯದ ಬ್ಯಾಟರಿ ಸಿಕ್ಕಿದರೂ ಅದನ್ನು ಒಮ್ಮೆಲೇ ಖರ್ಚು ಮಾಡುವ ಸ್ವಾತಂತ್ರ್ಯ ತಯಾರಕನಿಗಿಲ್ಲ. ಬ್ಯಾಟರಿಗೆ ಮೊದಲೇ ಚರ್ಮವು ಸಾಕೆನ್ನುತ್ತದೆ.

ದೊಡ್ಡ ಬ್ಯಾಟರಿ ಹಾಕಬಾರದೇ?

ಸಹಜವಾಗಿ ಮೂಡುವ ಪ್ರಶ್ನೆಯಿದು. ಲೆಕ್ಕ ಹಾಕಿಯೇ ನೋಡೋಣ. 18 ವ್ಯಾಟ್ ಬಳಸುವ ಸಾಧನ ಎಂಟು ತಾಸು ನಡೆಯಬೇಕಾದರೆ 144 ವ್ಯಾಟ್-ಅವರ್ ಬೇಕು. ಅಂದರೆ ಆ ಜೇಬಿನ ಪೆಟ್ಟಿಗೆಯಂಥವು ನಾಲ್ಕು, ಒಟ್ಟು ತೂಕ 1,400 ಗ್ರಾಂ ದಾಟುತ್ತದೆ. ಅದನ್ನು ಒಂದೇ ಬ್ಯಾಟರಿಯಾಗಿ ಮಾಡಿದರೆ ವಿಮಾನಯಾನದ ನಿಯಮವೂ ಅಡ್ಡ ಬರುತ್ತದೆ. 100 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಒಯ್ಯಲು ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. ಬಿಡಿ ಬ್ಯಾಟರಿಗಳನ್ನಂತೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸರಕಿನ ಪೆಟ್ಟಿಗೆಯಲ್ಲಿ ಹಾಕಬಾರದು. ಪರದೇಶದಿಂದ ಬರುವ ಮಕ್ಕಳಿಗೆ ಇದನ್ನು ತಿಳಿಸಿರುವುದು ಒಳ್ಳೆಯದು.

ಕಂಪ್ಯೂಟರಿನ ಚಿಪ್‌ಗಳು ವರ್ಷ ವರ್ಷಕ್ಕೆ ಎಷ್ಟೋ ಪಟ್ಟು ಬೆಳೆದವಲ್ಲ, ಬ್ಯಾಟರಿ ಏಕೆ ಬೆಳೆಯಲಿಲ್ಲ ಎನ್ನಬಹುದು. ಬೆಳೆದಿದೆ, ಆದರೆ ಅದರ ನಡಿಗೆ ಬೇರೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ತಳಹದಿ ಹಾಕಿದರು. 1980ರಲ್ಲಿ ಜಾನ್ ಗುಡ್‌ಎನಫ್ ಆಕ್ಸ್‌ಫರ್ಡ್‌ನಲ್ಲಿ ಕೋಬಾಲ್ಟ್ ಆಕ್ಸೈಡಿನ ಧನಾಗ್ರವನ್ನು ರೂಪಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅದನ್ನು ಸುರಕ್ಷಿತ ಬಳಕೆಗೆ ತಂದರು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗಿಳಿಸಿತು. ಈ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಾಗ ಗುಡ್‌ಎನಫ್ ಅವರ ವಯಸ್ಸು 97. ಮೊದಲ ಕೋಶಗಳಲ್ಲಿ ಒಂದು ಕಿಲೋಗೆ ಸುಮಾರು 80 ವ್ಯಾಟ್-ಅವರ್ ಹಿಡಿಯುತ್ತಿತ್ತು, ಇಂದಿನ ಒಳ್ಳೆಯ ಕೋಶಗಳಲ್ಲಿ 250ರ ಆಸುಪಾಸು ಹಿಡಿಯುತ್ತದೆ. ಮೂವತ್ತು ವರ್ಷಕ್ಕೆ ಮೂರು ಪಟ್ಟು. ಇದು ಸಣ್ಣ ಸಾಧನೆಯಲ್ಲ. ಐವತ್ತು ಕಿಲೋಗೂ ಹೆಚ್ಚು ಭಾರದ ನಮ್ಮ ಇನ್ವರ್ಟರ್ ಬ್ಯಾಟರಿಯಲ್ಲಿ ಕಿಲೋಗೆ ಸುಮಾರು 35 ವ್ಯಾಟ್-ಅವರ್ ಮಾತ್ರ ಇರುತ್ತದೆ. ಸೀಸದ ಬ್ಯಾಟರಿಯನ್ನೇ ನೆಚ್ಚಿದ್ದರೆ ಕಣ್ಣಿಗೆ ಧರಿಸುವ ಯಂತ್ರದ ಮಾತೇ ಏಳುತ್ತಿರಲಿಲ್ಲ.

ಚಿಪ್‌ನ ಬೆಳವಣಿಗೆ ಗೆರೆಗಳನ್ನು ಇನ್ನಷ್ಟು ಸಣ್ಣದಾಗಿ ಕೊರೆಯುವುದರಿಂದ ಆಗುತ್ತದೆ. ಬ್ಯಾಟರಿಯಲ್ಲಿ ಶಕ್ತಿಯನ್ನು ಹೊರುವುದು ದ್ರವ್ಯವೇ ಆದ್ದರಿಂದ ದ್ರವ್ಯವನ್ನು ಕಡಿಮೆ ಮಾಡಿದರೆ ಶಕ್ತಿಯೂ ಕಡಿಮೆಯಾಗುತ್ತದೆ. ಉಳಿದಿರುವ ದಾರಿ ದ್ರವ್ಯವನ್ನೇ ಬದಲಿಸುವುದು. ಋಣಾಗ್ರದ ಗ್ರಾಫೈಟಿನ ಬದಲು ಸಿಲಿಕಾನ್ ಬಳಸಿದರೆ ತೂಕಕ್ಕೆ ತೂಕ ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿದಿಡಬಲ್ಲದು. ಆದರೆ ತುಂಬಿದಾಗ ಅದು ಮೂರು ಪಟ್ಟು ಉಬ್ಬಿ, ಖಾಲಿಯಾದಾಗ ಕುಗ್ಗಿ, ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಸದ್ಯಕ್ಕೆ ಗ್ರಾಫೈಟಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಅದನ್ನು ಬೆರೆಸುತ್ತಿದ್ದಾರೆ.

ಹೊರೆಯನ್ನು ಹಂಚಿಕೊಳ್ಳುವ ಉಪಾಯ

ನಮ್ಮ ಭಾಷೆಯಲ್ಲಿ ಶಿರೋಧಾರ್ಯ ಎಂಬ ಗೌರವದ ಮಾತಿದೆ. ತಲೆಯ ಮೇಲೆ ಹೊರಲು ಯೋಗ್ಯವಾದದ್ದು ಎಂದು ಅದರ ಅರ್ಥ. ಎಲ್ಲವೂ ಶಿರೋಧಾರ್ಯವಲ್ಲ ಎಂಬುದನ್ನು ಈ ಸಾಧನದ ತಯಾರಕರು ಕಷ್ಟಪಟ್ಟು ಕಲಿತರು.

2018ರಲ್ಲಿ ಬಂದ ಮ್ಯಾಜಿಕ್ ಲೀಪ್ ಕಂಪನಿಯ ಸಾಧನದಲ್ಲಿ ಬ್ಯಾಟರಿ ಮತ್ತು ಕಂಪ್ಯೂಟರನ್ನು ಸೊಂಟಕ್ಕೆ ಇಳಿಸಲಾಯಿತು. 2022ರ ಅದರ ಎರಡನೆಯ ಆವೃತ್ತಿಯಲ್ಲಿ ತಲೆಯ ಭಾಗ 260 ಗ್ರಾಂಗೆ ಇಳಿಯಿತು, ನಡೆಯುವ ಕಾಲ ಮೂರೂವರೆ ತಾಸಿಗೆ ಏರಿತು. ಹೋಲೋಲೆನ್ಸ್ 2ರಲ್ಲಿ ಬ್ಯಾಟರಿಯನ್ನು ತಲೆಯ ಹಿಂಭಾಗದಲ್ಲಿಟ್ಟು, ಹೆಗಲ ಮೇಲಿನ ಕಾವಡಿಯಂತೆ ಮುಂದಿನ ಭಾರಕ್ಕೆ ಹಿಂದಿನ ಭಾರವನ್ನು ಸರಿದೂಗಿಸಿದರು. ಎಕ್ಸ್‌ರಿಯಲ್ ಕಂಪನಿಯ ಏರ್ ಕನ್ನಡಕದಲ್ಲಿ ಬ್ಯಾಟರಿಯೇ ಇಲ್ಲ. ವಯರಿನ ಮೂಲಕ ಫೋನಿನಿಂದಲೇ ವಿದ್ಯುತ್ತನ್ನು ಪಡೆಯುವ ಅದು ಫೋನಿನ ಕೊಡವನ್ನೇ ಬರಿದು ಮಾಡುತ್ತದೆ. ಮೆಟಾ ಕಂಪನಿ 2024ರ ಸೆಪ್ಟೆಂಬರಿನಲ್ಲಿ ತೋರಿಸಿದ ಓರಿಯನ್ ಎಂಬ ಪ್ರಾಯೋಗಿಕ ಕನ್ನಡಕ 100 ಗ್ರಾಂಗಿಂತ ಕಡಿಮೆ ತೂಗುತ್ತಿತ್ತು. ಹೆಚ್ಚಿನ ಲೆಕ್ಕವನ್ನು ಜೇಬಿನಲ್ಲಿಡುವ ಪ್ರತ್ಯೇಕ ಡಬ್ಬಿ ತಂತಿಯಿಲ್ಲದೆ ಮಾಡಿ ಕಳಿಸುತ್ತಿತ್ತು. ಹಾಗಿದ್ದರೂ ಅದು ನಡೆದದ್ದು ಸುಮಾರು ಎರಡು ತಾಸು. ಅದನ್ನು ಮಾರಾಟಕ್ಕೆ ತಂದಿಲ್ಲ.

ಕೊನೆಯ ಉಪಾಯ ಆಸೆಯನ್ನೇ ಕಡಿಮೆ ಮಾಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಪಾಲಿಸಿದ್ದು ರೇ-ಬ್ಯಾನ್ ಮೆಟಾ ಕನ್ನಡಕ. ಇದರಲ್ಲಿ ಪರದೆಯೇ ಇಲ್ಲ. ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಇದು ವರ್ಧಿತ ವಾಸ್ತವದ ಕುಲಕ್ಕೆ ಸೇರಿದ್ದಲ್ಲ, ಅದರ ದಾಯಾದಿ ಎನ್ನಬಹುದು. ಒಂದು ಕ್ಯಾಮೆರಾ, ಕಿವಿಯ ಬಳಿ ಧ್ವನಿವರ್ಧಕ, ಮಾತು ಕೇಳಿಸಿಕೊಳ್ಳುವ ಮೈಕು ಇವಿಷ್ಟೇ ಇದರ ಆಸ್ತಿ. 50 ಗ್ರಾಂನಷ್ಟು ತೂಕ, 2023ರ ಆವೃತ್ತಿಗೆ 4 ತಾಸಿನವರೆಗೆ ಬಾಳಿಕೆ. ಅದನ್ನಿಡುವ ಪೆಟ್ಟಿಗೆಯಲ್ಲೇ ಇನ್ನೊಂದು ಬ್ಯಾಟರಿಯಿದ್ದು, ಕನ್ನಡಕವನ್ನು ಮಡಿಸಿ ಒಳಗಿಟ್ಟಾಗ ಅದು ಮರಳಿ ತುಂಬಿಕೊಳ್ಳುತ್ತದೆ. ಭಾರತದಲ್ಲಿ ಇದು 2025ರ ಮೇ ತಿಂಗಳಲ್ಲಿ ಮಾರಾಟಕ್ಕೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದ ಎರಡನೆಯ ಆವೃತ್ತಿಗೆ 8 ತಾಸಿನವರೆಗೆ ಎಂದು ಕಂಪನಿ ಹೇಳಿತು.

ಕಾಣದವರಿಗೆ ಒಂದು ತಾಸಿನ ಬೆಲೆ

ಆಟ ನೋಡುವವನಿಗೆ ಬ್ಯಾಟರಿ ತೀರಿದರೆ ಆಟ ನಿಂತೀತು, ಅಷ್ಟೇ. ದೃಷ್ಟಿ ಕುಂದಿದವರ ಮಾತು ಬೇರೆ. ನೆದರ್ಲೆಂಡ್ಸಿನ ಎನ್ವಿಷನ್ ಕಂಪನಿ ಗೂಗಲ್ ಗ್ಲಾಸ್‌ನ ಕಾರ್ಖಾನೆ ಆವೃತ್ತಿಯನ್ನೇ ಬಳಸಿ, ಎದುರಿಗಿರುವ ಬರಹವನ್ನು ಓದಿ ಕಿವಿಗೆ ಹೇಳುವ ಕನ್ನಡಕವನ್ನು 2020ರಲ್ಲಿ ಸಿದ್ಧಪಡಿಸಿತು. ಜಗತ್ತು ತಿರಸ್ಕರಿಸಿದ ಸಾಧನ ಕಾಣದವರ ಕೈಗೆ ಹೋದಾಗ ಅದಕ್ಕೊಂದು ಅರ್ಥ ಬಂದಿತು. ದೃಷ್ಟಿಹೀನರನ್ನು ಫೋನಿನ ಮೂಲಕ ಸ್ವಯಂಸೇವಕರೊಡನೆ ಜೋಡಿಸುವ ಬಿ ಮೈ ಐಸ್ ಎಂಬ ಸೇವೆಯೂ 2024ರಿಂದ ಈಚೆಗೆ ರೇ-ಬ್ಯಾನ್ ಮೆಟಾ ಕನ್ನಡಕದಲ್ಲಿ ಸೇರಿಕೊಂಡಿದೆ. ಕನ್ನಡಕದ ಕ್ಯಾಮೆರಾ ಕಂಡದ್ದನ್ನು ದೂರದ ಸ್ವಯಂಸೇವಕರು ನೋಡಿ ಮಾತಿನಲ್ಲಿ ವಿವರಿಸುತ್ತಾರೆ.

ಆದರೆ ಈ ಸೇವೆಗೆ ಬೇಕಾದದ್ದು ಬಿಡದೆ ಸಾಗುವ ವೀಡಿಯೋ, ಅಂದರೆ ಬ್ಯಾಟರಿಯನ್ನು ಅತಿ ವೇಗವಾಗಿ ಬರಿದು ಮಾಡುವ ಕೆಲಸ. ಡಬ್ಬಿಯ ಮೇಲೆ ಬರೆದ ತಾಸುಗಳು ಆಗಾಗ ಹಾಡು ಕೇಳುವವರ, ಒಂದೆರಡು ಚಿತ್ರ ತೆಗೆಯುವವರ ಲೆಕ್ಕ. ಅತ್ಯಂತ ಅಗತ್ಯವುಳ್ಳವನಿಗೇ ಅತ್ಯಂತ ಕಡಿಮೆ ಹೊತ್ತು ದೊರೆಯುವುದು ಈ ತಂತ್ರಜ್ಞಾನದಲ್ಲಿರುವ ವಿಪರ್ಯಾಸ. ರಸ್ತೆ ದಾಟುವ ನಡುವೆ ಧ್ವನಿ ನಿಂತುಹೋದರೆ ಏನಾದೀತೆಂಬುದನ್ನು ಮನೆಯವರು ಮೊದಲೇ ಯೋಚಿಸಬೇಕು. ಬಿಳಿಕೋಲಿಗೆ ಚಾರ್ಜು ಬೇಡ. ಕನ್ನಡಕ ಬಂದಿತೆಂದು ಕೋಲನ್ನು ಮೂಲೆಗೆ ಇಡಬಾರದು.

ಬ್ಯಾಟರಿಗೂ ಮುಪ್ಪುಂಟು

ಕೊಂಡ ದಿನದ ಸಾಮರ್ಥ್ಯ ಕೊನೆಯವರೆಗೂ ಇರುವುದಿಲ್ಲ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿ ಪೂರ್ತಿ ಬರಿದಾಗುವುದನ್ನು ಒಂದು ಆವರ್ತವೆನ್ನುತ್ತಾರೆ. ಸಾಮಾನ್ಯವಾಗಿ ಐನೂರರಿಂದ ಸಾವಿರ ಆವರ್ತಗಳಲ್ಲಿ ಸಾಮರ್ಥ್ಯ ಶೇಕಡ 80ರ ಹತ್ತಿರಕ್ಕೆ ಇಳಿಯುತ್ತದೆ. ಎರಡು ತಾಸಿಗೊಮ್ಮೆ ತುಂಬಬೇಕಾದ ಸಾಧನಕ್ಕೆ ಈ ಮುಪ್ಪು ಬೇಗ ಬರುವುದು ಸಹಜ. ಫೋನಿನ ಬ್ಯಾಟರಿಯನ್ನು ಅಂಗಡಿಯಲ್ಲಿ ಬದಲಿಸಬಹುದು. ಕನ್ನಡಕದ ಕಡ್ಡಿಯೊಳಗೆ ಅಂಟಿಸಿ ಮುಚ್ಚಿದ ಬ್ಯಾಟರಿಯನ್ನು ಬದಲಿಸುವುದು ಬಹಳ ಕಠಿಣ. ಆದ್ದರಿಂದ ಬ್ಯಾಟರಿಯ ಆಯುಸ್ಸೇ ಕನ್ನಡಕದ ಆಯುಸ್ಸು ಎಂದು ತಿಳಿದು ಹಣ ಹೂಡಬೇಕು.

ಆಯುಸ್ಸನ್ನು ಹೆಚ್ಚಿಸುವುದು ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಲಿಥಿಯಂ ಬ್ಯಾಟರಿಯ ಮೊದಲ ಶತ್ರು ಶಾಖ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ, ಒಲೆಯ ಪಕ್ಕದಲ್ಲಿ ಇಡಬಾರದು. ಪ್ರತಿ ಸಲವೂ ಪೂರ್ತಿ ಬರಿದಾಗುವವರೆಗೆ ಕಾಯದೆ, ಐದನೆಯ ಒಂದು ಭಾಗ ಉಳಿದಿರುವಾಗಲೇ ತುಂಬುವುದು ಮೇಲು. ಬಹುದಿನ ಬಳಸದಿದ್ದರೆ ಅರ್ಧದಷ್ಟು ತುಂಬಿ ತಂಪಾದ ಕಡೆ ಇಡಬೇಕು. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಚಾರ್ಜಿಗೆ ಹಾಕಿ ಮಲಗಬಾರದು. ಕಡ್ಡಿ ಅಥವಾ ಪೆಟ್ಟಿಗೆ ಉಬ್ಬಿದಂತೆ ಕಂಡರೆ ತಕ್ಷಣ ಬಳಕೆ ನಿಲ್ಲಿಸಬೇಕು. ಅದನ್ನು ಚುಚ್ಚುವುದು, ಬಿಚ್ಚುವುದು ಅಪಾಯಕರ.

ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು, ಅದನ್ನು ಮನೆಯ ಕಸದಿಂದ ಬೇರೆ ಮಾಡಿ ಕೊಡುವ ಹೊಣೆ ನಮ್ಮದು. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇರುವುದನ್ನು ಪರಮಾಣು ಇಂಧನ ಇಲಾಖೆಯ ವಿಜ್ಞಾನಿಗಳು ಗುರುತಿಸಿದರು. ಅವರ ಅಂದಾಜು ಕೇವಲ 1,600 ಟನ್. ನೆಲದಲ್ಲಿ ಇಷ್ಟು ವಿರಳವಾಗಿರುವ ಲೋಹವನ್ನು ಒಮ್ಮೆ ಬಳಸಿ ಮಣ್ಣಿಗೆ ಸುರಿಯುವುದು ವಿವೇಕವಲ್ಲ.

ಕೊಳ್ಳುವ ಮುನ್ನ

ಈ ಸಾಧನವನ್ನು ಕೊಳ್ಳಬೇಕೆನ್ನುವ ಮನೆಯವರು ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಬೇಕು. ನಾವು ಮಾಡಬೇಕೆಂದಿರುವ ಕೆಲಸವನ್ನೇ ಬಿಡದೆ ಮಾಡಿದರೆ ಎಷ್ಟು ಹೊತ್ತು ನಡೆಯುತ್ತದೆ? ಬ್ಯಾಟರಿಗೆ ಮುಪ್ಪು ಬಂದರೆ ಬದಲಿಸಿಕೊಡುವಿರಾ, ಬೆಲೆ ಎಷ್ಟು? ಕಂಪನಿ ಎಷ್ಟು ವರ್ಷ ಇದನ್ನು ನೋಡಿಕೊಳ್ಳುತ್ತದೆ? ಸಾಧ್ಯವಾದರೆ ಧರಿಸುವವರನ್ನೇ ಕರೆದೊಯ್ದು ಅರ್ಧ ತಾಸಾದರೂ ಧರಿಸಿ ನೋಡಬೇಕು. ಕೈಗೆ ಹಗುರವೆನಿಸಿದ್ದು ಮೂಗಿಗೆ ಭಾರವಾದೀತು.

ಆ ಹಿರಿಯ ಶಿಕ್ಷಕರ ಮನೆಯವರು ಕಡೆಗೆ ತಲೆಗೆ ಧರಿಸುವ ದೊಡ್ಡ ಸಾಧನದ ವಿಚಾರವನ್ನು ಬಿಟ್ಟು, ಓದಿ ಹೇಳುವ ಹಗುರವಾದ ಕನ್ನಡಕವೊಂದನ್ನು ತಂದರು. ಬೆಳಿಗ್ಗೆ ಒಂದು ತಾಸು ಪತ್ರಿಕೆ, ಆಮೇಲೆ ಕನ್ನಡಕಕ್ಕೆ ಪೆಟ್ಟಿಗೆಯಲ್ಲಿ ವಿಶ್ರಾಂತಿ, ಸಂಜೆ ಒಂದು ತಾಸು ಪುಸ್ತಕ ಎಂದು ಅಜ್ಜ ತಾವೇ ವೇಳಾಪಟ್ಟಿ ಹಾಕಿಕೊಂಡಿದ್ದಾರೆ. ಮೊನ್ನೆ ಫೋನಿನಲ್ಲಿ ಮಾತನಾಡುತ್ತಾ, "ಉಳಿದ ಹೊತ್ತು ಏನು ಮಾಡ್ಲಿ ಅಂತ ಕೇಳಿದ್ದೆನಲ್ಲ, ಓದಿದ್ದನ್ನ ಸೊಸಿಗೆ ಹೇಳ್ತೀನಿ" ಎಂದು ನಕ್ಕರು. ಇಷ್ಟು ದಿನ ಆಕೆ ಅವರಿಗೆ ಓದಿ ಹೇಳುತ್ತಿದ್ದಳು.

ತಂತ್ರಜ್ಞರು ಎರಡು ತಾಸನ್ನು ಎಂಟು ಮಾಡಲು ಶ್ರಮಿಸುತ್ತಿದ್ದಾರೆ. ಅದು ಇಂದಲ್ಲ ನಾಳೆ ಆದೀತು. ಅಲ್ಲಿಯವರೆಗೆ ಹಣತೆಯಲ್ಲಿ ಎಣ್ಣೆ ಎಷ್ಟಿದೆಯೆಂದು ನೋಡಿ, ಅಷ್ಟೇ ಬೆಳಕಿನಲ್ಲಿ ಆಗಲೇಬೇಕಾದ ಕೆಲಸವನ್ನು ಮೊದಲು ಮುಗಿಸಿಕೊಳ್ಳುವ ನಮ್ಮ ಮನೆಗಳ ಹಳೆಯ ಪದ್ಧತಿ ಈ ಹೊಸ ದೀಪಕ್ಕೂ ಸಲ್ಲುತ್ತದೆ.